ಪಾಲಕ್ ಎಲೆಯ ಬಣ್ಣಗಳು

ಬಾದಾಮಿಯ ಕಾಲೇಜಿನಲ್ಲಿ ನಾನೂ ನನ್ನ ಗೆಳೆಯನೂ ಪಾಲಕ್ ಎಲೆ ಅರೆದು, ಅದರ ರಸವನ್ನು ಫಿಲ್ಟರ್ ಪೇಪರಿಗೆ ಚುಕ್ಕೆಯಿಟ್ಟು, ಪೇಪರಿನ ತುದಿಯನ್ನು ಅಸಿಟೋನಿನಲ್ಲಿ ನಿಲ್ಲಿಸಿದೆವು. ದ್ರವ ಮೇಲೇರಿದಂತೆ ಒಂದೇ ಹಸಿರು ಹಲವು ಬಣ್ಣದ ಗೆರೆಗಳಾಯಿತು.

“ಮ್ಯಾಲಿನ ಗೆರಿ ಹೆಂಗ ಕೇಸರಿ ಆತು ನೋಡಲೇ,” ಎಂದೆ.

ಅವನು ಪೇಪರನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. “ನನಗ ಎಲ್ಲಾ ಒಂದ ಥರಾ ಕಾಣಾಕತ್ತೈತಲೇ,” ಎಂದ.

ರೈಲು ಓಡಿಸುವ ಕೆಲಸಕ್ಕೆಂದು ಅವನು ಆಗಲೇ ಓದತೊಡಗಿದ್ದ. ಬಾಗಲಕೋಟೆಯಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಲು ಇಬ್ಬರೂ ಹೋದೆವು. “ನಿಮಗ ಕೆಂಪು, ಹಸರು ಸರಿಯಾಗಿ ಗೊತ್ತಾಗಂಗಿಲ್ರಿ. ರೈಲು ಓಡಸಾಕ ತಗೊಳ್ಳಂಗಿಲ್ಲ,” ಎಂದರು ಡಾಕ್ಟರು.

ಈಗ ಅವನು ಕೆರೂರಿನಲ್ಲಿ ಅಂಗಡಿ ಇಟ್ಟುಕೊಂಡು ಚೆನ್ನಾಗಿಯೇ ಇದ್ದಾನೆ. ಆದರೂ ಅವನ ಕಣ್ಣಿನ ಆ ಸುದ್ದಿ ನನ್ನ ಮಾತಿನಿಂದಲೇ ಶುರುವಾಯಿತಲ್ಲ ಎಂಬ ಸಂಕಟ ನನಗೆ ಹೋಗಿಲ್ಲ.