ನಿಮ್ಮ ಕೌಂಟರಿನಲ್ಲಿ ನಾನು ಮಾರಿದ ಮೂರು ಕಾರ್ಡು

ಆ ಮೂರು ಕಾರ್ಡು ಕೊಟ್ಟವನು ನಾನು, ನಸ್ರೀನಕ್ಕ. ದುಡ್ಡನ್ನು ಡ್ರಾಯರಿನ ತಟ್ಟೆ ಕೆಳಗೆ ಇಟ್ಟವನೂ ನಾನೇ. ನೀವು ಊಟಕ್ಕೆ ಹೋಗಿದ್ದಿರಿ. ನಿಮ್ಮ ಕುರ್ಚಿಯಲ್ಲಿ ನಾನು ಕೂತಿದ್ದೆ. ಎದುರಿಗೆ ಬೆಳಕವಾಡಿಯ ಒಬ್ಬ ಹೆಂಗಸು, ಅವರ ಹಿಂದೆ ಏಳೆಂಟು ಜನ. ನೆಟ್‌ವರ್ಕ್ ಇರಲಿಲ್ಲ.

"ಬಸ್ ಒಂಟೋಯ್ತದೆ ಕಣಪ್ಪ, ಬಿರ್ರನೆ ಕೊಡು," ಅಂದರು ಆಯಮ್ಮ.

"ತಗಳಿ, ಓಗಿ. ಬಿಲ್ಲು ಆಮ್ಯಾಕೆ ನಾನೇ ಮಾಡ್ಕತೀನಿ," ಅಂದೆ.

ಅಷ್ಟು ಹೇಳಿ ಕಾರ್ಡು ಕೊಟ್ಟುಬಿಟ್ಟೆ.

ಈ ಕಾಗದವನ್ನು ಬೇರೆಯವರೂ ಓದಬೇಕು. ಅದಕ್ಕೆ ನಿಮಗೆ ಗೊತ್ತಿರುವುದನ್ನೂ ಬರೆಯುತ್ತಿದ್ದೇನೆ. ಮಳವಳ್ಳಿಯ ನಮ್ಮ ಸೂಪರ್ ಮಾರ್ಕೆಟ್ಟಿನಲ್ಲಿ ಚಾಕಲೇಟು ಇಡುವ ಸ್ಟ್ಯಾಂಡಿಗೆ ಥೀಮ್ ಪಾರ್ಕಿನ ಕಾರ್ಡು ನೇತುಹಾಕಿರುತ್ತಾರೆ. ಮೊದಲೇ ದುಡ್ಡು ಕೊಟ್ಟು ತಗೊಂಡರೆ ಪಾರ್ಕಿನ ಗೇಟಿನಲ್ಲಿ ಟಿಕೆಟ್ ಬೇಕಿಲ್ಲ, ಕಾರ್ಡು ತೋರಿಸಿ ಒಳಗೆ ಹೋಗಬಹುದು. ಆದರೆ ಕೌಂಟರಿನ ಮಿಷಿನ್ನಿಗೆ ಹಿಡಿದು ಚಾಲೂ ಮಾಡಬೇಕು. ಮಾಡದಿದ್ದರೆ ಅದು ಬರೀ ಪ್ಲಾಸ್ಟಿಕ್ಕು. ಅದಕ್ಕೇ ಸ್ಟ್ಯಾಂಡಿನಲ್ಲಿ ಎಷ್ಟಿವೆ ಅಂತ ಯಾರೂ ಎಣಿಸುತ್ತಿರಲಿಲ್ಲ. ಮೂರು ಹೋದರೂ ಯಾರಿಗೂ ಗೊತ್ತಾಗಲಿಲ್ಲ.

ನಾನು ಅಲ್ಲಿ ಮೂಟೆ ಹೊರುವವನು, ಸಾಮಾನು ಜೋಡಿಸುವವನು. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಬಿಲ್ ಮಿಷಿನ್ ಕಲಿಸಿದ್ದು ನೀವು. ಮ್ಯಾನೇಜರ್ ಬರುವುದಕ್ಕೆ ಮುಂಚೆ, ಬೆಳಿಗ್ಗೆ ಅಂಗಡಿ ಗುಡಿಸುವ ಹೊತ್ತಿನಲ್ಲಿ. ಇಂಗ್ಲಿಷ್ ಓದಲು ಬರಲ್ಲ ಅಂತ ನಾನು ನಾಚಿಕೊಂಡಾಗ, "ಓದೋಕೆ ಬರ್ದಿದ್ರೆ ಏನಾಯ್ತೀಗ? ಬಣ್ಣ ನೋಡ್ಲಾ. ಹಸ್ರು ಬಂದ್ರೆ ಕೊಡು, ಬರ್ನಿಲ್ವಾ ಕೈ ಬುಡಬ್ಯಾಡ," ಅಂದಿರಿ. ಆಮೇಲೆ ನಿಮ್ಮ ಪಾಸ್‌ವರ್ಡನ್ನೂ ಹೇಳಿಕೊಟ್ಟಿರಿ. ಅದು ರೂಲ್ಸಿಗೆ ವಿರುದ್ಧ. ನೀವು ನಿಂತುಕೊಂಡೇ ಊಟ ಮುಗಿಸುವುದು ತಪ್ಪಲಿ ಅಂತ ನಾನೇ ಕೂರುತ್ತೇನೆ ಅಂದಿದ್ದೆ. ಅದು ನಿಜ. ಆದರೆ ಆ ಕುರ್ಚಿಯ ಮೇಲೆ ನನಗೂ ಆಸೆ ಇತ್ತು — ಅದೂ ನಿಜ.

ಆವತ್ತು ಹಸಿರು ಬರಲಿಲ್ಲ. ನೋಟು ತಟ್ಟೆ ಕೆಳಗೆ ಇಟ್ಟೆ, ನೆಟ್‌ವರ್ಕ್ ಬಂದಮೇಲೆ ಬಿಲ್ ಮಾಡೋಣ ಅಂತ. ಆಯಮ್ಮನಿಗೆ ಕೊಟ್ಟ ಕಾರ್ಡುಗಳ ನಂಬರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಅಷ್ಟರಲ್ಲಿ ಅಕ್ಕಿ ಲೋಡು ಬಂತು, ಗೋಡೌನಿಗೆ ಹೋದೆ. ಮರೆತೆ. ಕದಿಯಬೇಕು ಅಂತ ಮಾಡಿದ್ದಲ್ಲ. ಇಲ್ಲಿವರೆಗೆ ಅದು ಬರೀ ತಪ್ಪು. ಮುಂದಿನದಕ್ಕೆ ಆ ಹೆಸರು ಹೇಳುವ ಹಾಗಿಲ್ಲ.

ಮೂರನೇ ದಿನ ಆಯಮ್ಮನ ಗಂಡ ಬಂದರು. ಗಾರೆ ಕೆಲಸದವರು, ಕೈಯಲ್ಲಿ ಮೂರು ಕಾರ್ಡು. ಹೆಂಡತಿ ಬರದೆ ಅವರೊಬ್ಬರೇ ಬಂದದ್ದು ನನಗೆ ಒಳ್ಳೆಯದಾಯಿತು. ಅವರು ನನ್ನ ಮುಖ ನೋಡಿರಲಿಲ್ಲ.

"ನನ್ ಮಗ್ಳು ಈಜೋ ಬಟ್ಟೆ ಆಕ್ಕಂಡೇ ಬಸ್ ಅತ್ತಿದ್ಲು ಸಾ," ಅಂದರು ಮ್ಯಾನೇಜರಿಗೆ. "ಗೇಟಲ್ಲಿ ಮೂರು ಜನುನ್ನೂ ಪಕ್ಕಕ್ಕೆ ನಿಲ್ಸುದ್ರು. ಎಲ್ಲಿ ಎತ್ಕಂಡು ಬಂದ್ರಿ ಇದ ಅಂತ ಕೇಳುದ್ರು. ಮಗಿನ ಮುಂದೆ ಕಳ್ಳ ಆಗ್ಬುಟ್ಟೆ ಕನಿ."

ಬಾಗಿಲ ಕಡೆಯ ಕೌಂಟರಿನಲ್ಲಿ ತಗೊಂಡದ್ದು ಅಂತಷ್ಟೇ ಹೆಂಡತಿ ಹೇಳಿದ್ದರಂತೆ. ಅದು ನಿಮ್ಮ ಕೌಂಟರು. ಮ್ಯಾನೇಜರ್ ಡ್ರಾಯರ್ ಎಳೆದು ತಟ್ಟೆ ಎತ್ತಿದರು. ನೋಟು ಅಲ್ಲೇ ಇತ್ತು, ಮಡಿಸಿ ಇಟ್ಟ ಹಾಗೇ. ಕ್ಯಾಮೆರಾ ಕೆಟ್ಟು ವರ್ಷವಾಗಿತ್ತು. ಚೀಟಿ ಆಗ ನನ್ನ ಜೇಬಿನಲ್ಲಿತ್ತು — ತೆಗೆದು ತೋರಿಸಿದ್ದರೆ ಎರಡು ನಿಮಿಷದ ಕೆಲಸ.

ನೀವು ನನ್ನ ಕಡೆ ತಿರುಗಿ, "ಮಾದೇಸ, ನಾನು ಊಟಕ್ಕೆ ಓದಾಗ ನೀನ್ ತಾನೆ ಕೂತಿದ್ದಿದ್ದು? ನೀನೇನಾದ್ರು ಕೊಟ್ಯೇನಪ್ಪ?" ಅಂತ ಕೇಳಿದಿರಿ. ಸಿಟ್ಟಿನಿಂದ ಕೇಳಲಿಲ್ಲ.

"ಇಲ್ಲ ಕಣಕ್ಕ. ನಂಗೆ ಆ ಮಿಸಿನ್ನೇ ಗೊತ್ತಿಲ್ಲ," ಅಂದೆ.

ಮ್ಯಾನೇಜರ್ ನಕ್ಕರು. "ಅವ್ನ್ ಮೇಲೆ ಯಾಕಮ್ಮ ಆಕ್ತೀಯಾ? ಎ ಬಿ ಸಿ ಡಿ ಬರಲ್ಲ ಆ ನನ್ಮಗುಂಗೆ, ಅವ್ನೇನು ಕಾರ್ಡ್ ಮಾರಾನು?"

ನನಗೆ ಮಿಷಿನ್ ಗೊತ್ತು ಅಂತ ಗೊತ್ತಿದ್ದವರು ನೀವೊಬ್ಬರೇ. ಜೀವನದಲ್ಲಿ ಮೊದಲ ಸಲ ದಡ್ಡ ಅನ್ನಿಸಿಕೊಂಡದ್ದು ನನಗೆ ಉಪಯೋಗಕ್ಕೆ ಬಂತು. ನೀವು ಅದನ್ನು ಮ್ಯಾನೇಜರಿಗೆ ಹೇಳಲಿಲ್ಲ. ನನ್ನನ್ನು ನೋಡಿದಿರಿ — ಆ ನೋಟ ಹೇಗಿತ್ತು ಅಂತ ಬರೆಯಲು ನನಗೆ ಬರಲ್ಲ. ಐಡಿ ಕಾರ್ಡು ಬಿಚ್ಚಿ ಕೌಂಟರಿನ ಮೇಲಿಟ್ಟು ಹೋದಿರಿ.

ಸಂಜೆ ನಿಮ್ಮ ಅಪ್ಪ ಬಂದು ಬಾಗಿಲಲ್ಲೇ ನಿಂತರು. "ನನ್ ಮಗ್ಳು ಅಂತೋಳಲ್ಲ ಸಾ," ಅಂದರು. ಪೊಲೀಸಿಗೆ ಕೊಡಲಿಲ್ಲ ಅಂತ ಸಂತೋಷಪಡಿ ಅಂತ ಮ್ಯಾನೇಜರ್ ಹೇಳಿ ಕಳಿಸಿದರು. ನಾನು ಎಣ್ಣೆ ಪ್ಯಾಕೆಟ್ ಜೋಡಿಸುತ್ತಿದ್ದೆ. ಜೋಡಿಸುತ್ತಲೇ ಇದ್ದೆ.

ಆಮೇಲೆ ಊರಿನ ಯಾವ ಅಂಗಡಿಯವರೂ ನಿಮಗೆ ಗಲ್ಲಾಪೆಟ್ಟಿಗೆಯ ಕೆಲಸ ಕೊಡಲಿಲ್ಲ. ಕದ್ದವಳು ಅಂತ ಒಬ್ಬರಿಂದ ಒಬ್ಬರಿಗೆ ಮಾತು ಹೋಗಿತ್ತು. ಈಗ ಮದ್ದೂರು ಕಡೆಯ ಗಾರ್ಮೆಂಟ್ಸಿಗೆ ಹೋಗುತ್ತೀರಿ. ಬೆಳಿಗ್ಗೆ ಫ್ಯಾಕ್ಟರಿ ಬಸ್ಸು ಕಾಯುವಾಗ ನೋಡಿದ್ದೇನೆ. ನಾನು ಗೂಡಂಗಡಿಯ ಹಿಂದೆ ನಿಲ್ಲುತ್ತೇನೆ, ಬಸ್ಸು ಹೋಗುವವರೆಗೂ. ಮೂರು ವರ್ಷದಿಂದ. ಆರು ತಿಂಗಳಾದಮೇಲೆ ಮಿಷಿನ್ ಕಲಿತೆ ಅಂತ ನಾಟಕ ಮಾಡಿ ನಿಮ್ಮ ಕುರ್ಚಿಗೂ ಬಂದೆ. ಇದನ್ನು ಬರೆಯದೆ ಬಿಡೋಣ ಅನ್ನಿಸಿತ್ತು.

ನಿನ್ನೆ ಮ್ಯಾನೇಜರಿಗೆ ಹೇಳಿದೆ. "ಓಗ್ಲಿ ಬುಡ್ಲಾ. ಮುಗ್ದೋಗಿರೋದ್ನ ಯಾಕ್ ಕೆದುಕ್ತೀಯ? ಅವ್ಳೂ ಮರ್ತವ್ಳೆ," ಅಂದರು. ನೀವು ಮರೆತಿಲ್ಲ. ಕೆಲಸ ಬಿಟ್ಟು ನೇರ ನಿಮ್ಮ ಅಪ್ಪನ ಪಂಕ್ಚರ್ ಅಂಗಡಿಗೆ ಹೋದೆ. ಅವರು ತಲೆ ಎತ್ತಿ "ಏನಾಗ್ಬೇಕಪ್ಪ?" ಅಂದರು. ಬೈಕಿಗೆ ಗಾಳಿ ಹಾಕಿಸಿಕೊಂಡು ವಾಪಸ್ ಬಂದೆ. ದುಡ್ಡು ಕೊಡಲು ಹೋದರೆ, ಗಾಳಿಗೇನು ಅಂತ ಬೇಡ ಅಂದರು.

ಅದಕ್ಕೆ ಬರೆದೆ. ಇವತ್ತು ಇದನ್ನು ಅವರ ಕೈಗೆ ಕೊಡುತ್ತೇನೆ. ಓದಿ ಮುಗಿಸುವವರೆಗೂ ಅಲ್ಲೇ ನಿಂತಿರುತ್ತೇನೆ. ಯಾವ ಅಂಗಡಿಗೆ ಬಂದು ಬಾಯಲ್ಲಿ ಹೇಳು ಅಂದರೂ ಹೋಗಿ ಹೇಳುತ್ತೇನೆ. ಬೆಳಕವಾಡಿಯ ಆ ಮನೆಗೂ ಹೋಗುತ್ತೇನೆ. ಕ್ಷಮಿಸಿ ಅಂತ ಕೇಳುತ್ತಿಲ್ಲ. ಕದ್ದವರು ನೀವಲ್ಲ. ಸುಳ್ಳು ಹೇಳಿದವನು ನಾನು, ಮಾದೇಶ.

ಇಷ್ಟೇ. ಇನ್ನು ಹೇಳುವುದಕ್ಕೆ ಏನೂ ಇಲ್ಲ.