ಲೀಲಾ ಕೊಡುವ ಬೊಂಡ

1983ರ ಮೇ ತಿಂಗಳು. ಸುಳ್ಯದ ಕಡೆಯ ಶಾಲೆಯೊಂದರಲ್ಲಿ ಟೀಚರಾಗಿದ್ದ ನಾನು ರಜೆಗೆಂದು ಇಚಿಲಂಪಾಡಿಯ ತವರಿಗೆ ಬಂದಿದ್ದೆ. ಅಲ್ಲಿ ಅಮ್ಮ, ಅಕ್ಕ ಮತ್ತು ಅಕ್ಕನ ಮಗಳು, ಹದಿನಾಲ್ಕು ವರ್ಷದ ಲೀಲಾ ಇದ್ದರು.

ಲೀಲಾ ಪಾಪದ ಹುಡುಗಿ. ಆದರೆ ನಾಲ್ಕು ಜನ ಸೇರಿದಲ್ಲಿ ಹೇಗಿರಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಎಲ್ಲರೂ ಅಳುವಾಗ ನಗುವುದು, ಗುರುತಿಲ್ಲದವರ ಕೈ ಹಿಡಿದು ಹೊರಡುವುದು, ಆಟದ ಮಧ್ಯೆ ನುಗ್ಗಿ ಬೈಸಿಕೊಳ್ಳುವುದು. ಓರಗೆಯ ಮಕ್ಕಳು ಅವಳನ್ನು ಕಂಡರೆ ಎದ್ದು ಹೋಗುತ್ತಿದ್ದರು. ಆ ಮಕ್ಕಳ ಕಿವಿ ಹಿಂಡಬೇಕೆನಿಸುತ್ತಿತ್ತು ನನಗೆ. ಟೀಚರಲ್ಲವೆ, ಕೈ ತುರಿಸುತ್ತದೆ.

ಆ ವಾರ ಮನೆಯಲ್ಲಿ ಅಗೇಲು. ದೈವಕ್ಕೆ ಎಲೆ ಹಾಕಿ ಕೋಳಿ ಪದಾರ್ಥ, ಕಳ್ಳು ಬಡಿಸಿ, ಆಮೇಲೆ ಅದನ್ನೇ ಪ್ರಸಾದವೆಂದು ಹಂಚುವುದು ನಮ್ಮಲ್ಲಿ ವಾಡಿಕೆ. ಮಕ್ಕಳಿಗೂ ಒಂದು ಗುಟುಕು ಕಳ್ಳು. ನೆಂಟರ ಮಕ್ಕಳು ಮುಖ ಕಿವಿಚಿಕೊಂಡು ಓಡಿದರು. ಲೀಲಾ ಮಾತ್ರ ಮತ್ತೆ ಮತ್ತೆ ಲೋಟ ಒಡ್ಡಿದಳು. ನೋಡನೋಡುತ್ತ ಅವಳಿಗೆ ಮಾತು ಬಂತು, ಹಾಡು ಬಂತು. ಮಕ್ಕಳೆಲ್ಲ ಸುತ್ತ ಕುಳಿತು ಚಪ್ಪಾಳೆ ತಟ್ಟಿದರು.

“ಇವಳಿಗೆ ಅಮಲೇ ಏರುದಿಲ್ಲ ಮಾರಾಯ್ರೆ!” ಎಂದು ನನ್ನ ಸೋದರಮಾವ ನಕ್ಕರು. ನಮಗೆಲ್ಲ ಖುಷಿಯೇ ಆಯಿತು.

ಮರುದಿನ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಲೀಲಾ ಕೇಳಿದಳು, “ಚಿಕ್ಕಮ್ಮ, ಇನ್ನೊಂದು ಅಗೇಲು ಯಾವಾಗ?”

“ಯಾಕೆ, ಕೋಳಿ ಸಾಕಾಗ್ಲಿಲ್ವಾ?”

“ಕೋಳಿ ಬೇಡ. ಕಳ್ಳು ಕುಡಿದ್ರೆ ಎಲ್ಲರೂ ನನ್ನ ಹತ್ರ ಬರ್ತಾರೆ.”

ನಾನು ಕೊಡ ಇಳಿಸಿ ಅಲ್ಲೇ ಕುಳಿತೆ. ಗೆಳೆತನದ ಆಸೆಗೆ ಈ ಮಗು ಕಳ್ಳಿನ ಹಿಂದೆ ಬಿದ್ದರೆ ಮುಂದೆ ಗತಿಯೇನು?

ಅಮ್ಮ, ಅಕ್ಕ ಇಬ್ಬರನ್ನೂ ಹೊರಡಿಸಿ ಲೀಲಾಳನ್ನು ಪುತ್ತೂರಿನ ಡಾಕ್ಟರಮ್ಮನ ಬಳಿಗೆ ಕರೆದುಕೊಂಡು ಹೋದೆ. ಎಲ್ಲ ಕೇಳಿಸಿಕೊಂಡ ಅವರು ಅಕ್ಕನನ್ನು ಮೆಲ್ಲಗೆ ವಿಚಾರಿಸಿದರು, “ಇವಳು ಹೊಟ್ಟೆಯಲ್ಲಿರುವಾಗ ನೀವು ಕಳ್ಳು ಕುಡಿತಾ ಇದ್ರಾ?”

ಅಕ್ಕ ಅಮ್ಮನ ಕಡೆ ನೋಡಿದಳು. ಉತ್ತರ ಕೊಟ್ಟದ್ದು ಅಮ್ಮ. “ದಿನಾ ಕೊಟ್ಟದ್ದು ನಾನು. ಬಸುರಿಗೆ ಉಷ್ಣ ಆಗಬಾರ್ದು, ಮಗು ತಂಪಾಗಿರ್ಲಿ ಅಂತ.”

“ಪ್ರೀತಿಯಿಂದಲೇ ಕೊಟ್ಟದ್ದು ನೀವು,” ಎಂದರು ಡಾಕ್ಟರಮ್ಮ. “ಆದ್ರೆ ತಾಯಿ ಕುಡಿದದ್ದು ಹೊಟ್ಟೆಯ ಮಗುವಿಗೂ ಹೋಗ್ತದೆ. ಅಂಥ ಕೆಲವು ಮಕ್ಕಳಿಗೆ ಜನರ ಜೊತೆ ಬೆರೆಯುದು ಕಷ್ಟ. ಬೆಳೆಯುವ ಪ್ರಾಯದಲ್ಲಿ ಅಮಲು ಏರಿದ್ದು ಗೊತ್ತಾಗದೆ ಹೆಚ್ಚು ಕುಡಿಯುವ ಹೆದರಿಕೆಯೂ ಉಂಟು. ಇವಳಿಗೆ ಅದರಿಂದಲೇ ಹೀಗಾದದ್ದು ಅಂತ ಖಂಡಿತ ಹೇಳ್ಲಿಕ್ಕೆ ಆಗುದಿಲ್ಲ. ಇನ್ನು ಒಂದು ಗುಟುಕೂ ಬೇಡ. ಮತ್ತೆ, ಅವಳನ್ನು ಒಂಟಿ ಬಿಡಬೇಡಿ.”

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ಲೀಲಾಳ ಕೈ ಹಿಡಿದುಕೊಂಡು ಕುಳಿತಿದ್ದರು.

ಮುಂದಿನ ವರ್ಷದ ಅಗೇಲಿನಲ್ಲಿ ಅಮ್ಮ ದೈವದೆದುರು ಕೈ ಮುಗಿದು ನಿಂತರು. “ಸ್ವಾಮೀ, ನನ್ನ ಮೊಮ್ಮಗಳಿಗೆ ಕಳ್ಳು ಬೇಡ, ಬೊಂಡದ ನೀರು ಸಾಕು. ನನಗೂ ಎಳನೀರೇ. ತಪ್ಪಾದ್ರೆ ನನ್ನ ತಲೆ ಮೇಲಿರ್ಲಿ.”

“ಪ್ರಸಾದ ಬೇಡ ಅನ್ನುದಾ ಅಕ್ಕ?” ಎಂದು ಸೋದರಮಾವ ಅಮ್ಮನನ್ನು ಕೇಳಿದರು.

“ದೈವಕ್ಕೆ ಹೇಳಿ ಆಯ್ತು. ನಿನಗೆ ಬೇರೆ ಹೇಳ್ಬೇಕಾ?”

ಆ ದಿನ ಮಕ್ಕಳಿಗೆಲ್ಲ ಬೊಂಡ. ಕೆತ್ತಿದ ಬೊಂಡಗಳ ರಾಶಿಯ ಪಕ್ಕ ಅಮ್ಮ ಲೀಲಾಳನ್ನು ಕೂರಿಸಿದರು. ಕುಡಿದು ಮುಗಿಯುವ ತನಕ ಅವಳ ಹತ್ತಿರವೇ ಕುಳಿತು ಮಾತಾಡಬೇಕು, ಇಲ್ಲದಿದ್ದರೆ ಬೊಂಡ ಇಲ್ಲ ಎಂದು ಅಪ್ಪಣೆ ಮಾಡಿದರು. ಮಕ್ಕಳು ಮೊದಲು ಗೊಣಗಿದರು. ಬಾಯಾರಿಕೆ ಬಿಡಬೇಕಲ್ಲ, ಒಬ್ಬೊಬ್ಬರೇ ಬಂದು ಕುಳಿತರು. ಕುಡಿದು ಮುಗಿದ ಮೇಲೂ ಒಂದು ಹುಡುಗಿ ಏಳಲಿಲ್ಲ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ.

ಈಗ ಅಮ್ಮ ಇಲ್ಲ. ಲೀಲಾ ಮತ್ತೆಂದೂ ಕಳ್ಳು ಮುಟ್ಟಿಲ್ಲ. ಜನರೆಂದರೆ ಈಗಲೂ ಅವಳಿಗೆ ಗಲಿಬಿಲಿಯೇ. ಆದರೆ ನಾನು ತವರಿಗೆ ಹೋದರೆ ಬೊಂಡ ತಂದುಕೊಟ್ಟು ಎದುರಿಗೇ ಕುಳಿತುಕೊಳ್ಳುತ್ತಾಳೆ. ಕುಡಿದು ಮುಗಿಯುವ ತನಕ ಮಾತಾಡಬೇಕು, ಅಜ್ಜಿಯ ಕಾನೂನು.

ನಾನು ಬೇಕೆಂದೇ ನಿಧಾನವಾಗಿ ಕುಡಿಯುತ್ತೇನೆ.