ಸಿಂಗಾಪುರಕ್ಕೆ ಹೊರಟ ಅವಲಕ್ಕಿ

ಗೆಳೆಯರೇ, ಇವತ್ತು ಚೆನ್ನೈ ಎಗ್ಮೋರಿನ ನಮ್ಮ ಹೋಟೆಲಿನ ಕೌಂಟರಿನಲ್ಲಿ ಒಬ್ಬ ಅಜ್ಜಿಗೂ ಮೊಮ್ಮಗಳಿಗೂ ಜೋರು ಜಗಳ. ಇಬ್ಬರೂ ನಾಳೆ ಸಿಂಗಾಪುರಕ್ಕೆ ಹೊರಟವರು. ಅಲ್ಲಿ ಮಧ್ಯಾಹ್ನದ ಊಟಕ್ಕೆ ಮಾತ್ರ ಖರ್ಚು, ಬೆಳಗಿನ ತಿಂಡಿಗೆ ಇಲ್ಲಿಂದ ಒಯ್ಯುವ ಖಾರದ ಅವಲಕ್ಕಿ ಎಂದು ಅಜ್ಜಿಯ ಲೆಕ್ಕ.

"ಅಲ್ಲಿನ ಒಂದು ದೋಸೆ ದುಡ್ಡಿಗೆ ಇಲ್ಲಿ ಮನೆಮಂದಿಯೆಲ್ಲ ತಿನ್ನಬಹುದು ಕಣೇ!"

"ಅಯ್ಯೋ ಪಾಟ್ಟಿ, ಎಲ್ಲರ ಮುಂದೆ ಪೊಟ್ಟಣ ಬಿಚ್ಚಿದ್ರೆ ಮಾನಮೇ ಪೋಯಿಡುಂ, ಮರ್ಯಾದೆನೇ ಹೋಗುತ್ತೆ!"

ಪೊಟ್ಟಣ ಕಟ್ಟುತ್ತಿದ್ದ ನನಗೆ ಅಮ್ಮ ನೆನಪಾದಳು. ಕುಂದಾಪುರದಿಂದ ಮೊದಲ ಸಲ ಹೊರಟಾಗ, "ದಾರಿಯಂಗ್ ದುಡ್ಡ್ ಕೊಟ್ಟ್ ತಿಂಬುದ್ ಬ್ಯಾಡ ಮಗ" ಎಂದು ಹುರಿದ ಅವಲಕ್ಕಿ ಕಟ್ಟಿಕೊಟ್ಟಿದ್ದಳು. ನನಗೆ ಆಗ ಚೆನ್ನೈಯೇ ಪರದೇಶ. ರೈಲಿನಲ್ಲಿ ಜನರ ಮುಂದೆ ಬಿಚ್ಚಲು ನಾಚಿಕೆಯಾಗಿ ಹಸಿದೇ ಬಂದೆ. ಆಮೇಲೆ ಈ ಹೋಟೆಲಿನ ಹಿಂದೆ ಒಬ್ಬನೇ ಕುಳಿತು ತಿಂದೆ. ನಮ್ಮ ಮನೆ ಒಲೆಯ ಹೊಗೆಯ ವಾಸನೆ ಇನ್ನೂ ಅದರಲ್ಲಿತ್ತು.

ಇದನ್ನು ಆ ಹುಡುಗಿಗೆ ಹೇಳಬೇಕೆನಿಸಿತು. ಅದರ ಬದಲು ರುಚಿ ನೋಡಲೆಂದು ಒಂದಿಷ್ಟು ಅವಲಕ್ಕಿ ಅವಳ ಕೈಗೆ ಹಾಕಿದೆ. ವಾದ ಮಾಡುತ್ತಲೇ ತಿಂದಳು, ಮತ್ತೆ ಕೈ ಚಾಚಿದಳು. ಕೊನೆಗೆ ನಿಂತಲ್ಲೇ ಒಂದು ಪೊಟ್ಟಣವನ್ನು ಬಿಚ್ಚಿಯೇಬಿಟ್ಟಳು.

ಸಿಂಗಾಪುರದ ಮೊದಲ ಬೆಳಗಿನ ತಿಂಡಿ ಎಗ್ಮೋರಿನಲ್ಲೇ ಮುಗಿಯಿತು. ಅಜ್ಜಿಯ ಲೆಕ್ಕ ತಪ್ಪಿತು, ಮುಖ ಮಾತ್ರ ಅರಳಿತ್ತು.